ಹೊಸ ಫೋಟೋ ಮಾತ್ರ ತಾನಾಗೇ ಡಿಸ್ಕಿಗೆ ಹೋಗೋ ಹಾಗೆ ಮಾಡೋದು ಹೇಗೆ?

ಶಿರಸಿ ಸೀಮೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಂದು 2004ರಿಂದ ಡಿಜಿಟಲ್ ಫೋಟೋ ಇದೆ. ಮನೆ ಫೋಟೋ, ಅಡಿಕೆ ಕೊಯ್ಲು, ಊರಲ್ಲಿ ಆದ ಯಕ್ಷಗಾನದ ಆಟ, ಮದುವೆ ಮುಂಜಿ ಎಲ್ಲಾ ಸೇರಿ ಈಗ ಉಳಿದಿರೋದು 376 ಜಿಬಿ, ಸುಮಾರು 62 ಸಾವಿರ ಫೈಲು. ಉಳಿದಿರೋದು ಅಂತ ಯಾಕಂದೆ ಅಂದ್ರೆ ಹೋದ ಮಳೆಗಾಲದಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತೋಯ್ತು. ಡಿವಿಡಿಗೆ ಬರೆದಿಟ್ಟಿದೀನಲ್ಲ ಅಂತ ಧೈರ್ಯದಲ್ಲಿದ್ದೆ, ತೆಗೆದು ನೋಡಿದ್ರೆ 2011 ಎರಡು ಸಲ ಬರೆದಿದೆ, 2012 ಒಂದು ಸಲವೂ ಇಲ್ಲ. 2012 ಅಂದ್ರೆ ಅಪ್ಪ ಓಡಾಡ್ಕೊಂಡಿದ್ದ ಕೊನೇ ವರ್ಷ. ತಂಗಿ ಪೆನ್‌ಡ್ರೈವಲ್ಲಿ ಅಷ್ಟು, ಭಾವನ ಫೋನಲ್ಲಿ ಇಷ್ಟು ಅಂತ ಹುಡುಕಿ ಸಿಕ್ಕಿದ್ದು 140 ಫೋಟೋ.

ಈಗ ಯುಎಸ್‌ಬಿ ಬ್ಲೂರೇ ರೈಟರ್ ತಗೊಂಡಿದೀನಿ, 25 ಜಿಬಿ ಡಿಸ್ಕ್‌ಗಳೂ ಬಂದಿವೆ. ಹಳೇ ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ನಂಗೆ ಬೇಕಿರೋದು ಇಷ್ಟೇ, ಒಮ್ಮೆ ಎಲ್ಲಾ ಬರೆದಾದ ಮೇಲೆ ಆಮೇಲಿಂದು ಹೊಸದಾಗಿ ಬಂದದ್ದು ಮಾತ್ರ ಆರಿಸ್ಕೊಂಡು ಡಿಸ್ಕಿಗೆ ಹೋಗ್ಬೇಕು, ಯಾವುದು ಬರೆದೆ ಯಾವುದು ಬಿಟ್ಟೆ ಅಂತ ನನ್ನ ನೆನಪಿನ ಮೇಲೆ ನಿಂತಿರಬಾರದು. ನನ್ನ ನೆನಪನ್ನ ನಂಬಿದ್ದಕ್ಕೇ ಒಂದು ವರ್ಷ ಹೋಯ್ತು.

ಮೈಸೂರು ಟರ್ಮಿನಲ್

ಸರ್, ತುಂಬಾ ಬೇಜಾರಾಯ್ತು ಓದಿ. ಕಮಾಂಡ್ ಹೇಳೋ ಮುಂಚೆ ಒಂದು ಪ್ರಶ್ನೆ, "ಹೊಸದು" ಅಂದ್ರೆ ನಿಮ್ಮ ಲೆಕ್ಕದಲ್ಲಿ ಏನು? ಎಲ್ರೂ ಮೊದಲು ಮಾಡೋದು ತಾರೀಖು ನೋಡೋದು, ಹೋದ ಬ್ಯಾಕಪ್ ಆದ್ಮೇಲಿನ ತಾರೀಖಿನ ಫೈಲ್ ಎಲ್ಲಾ ಆರಿಸು ಅಂತ ಫೈಂಡ್ ಕಮಾಂಡಿಗೆ ಹೇಳೋದು. ನಾನೂ ಎರಡು ವರ್ಷ ಹಾಗೇ ಮಾಡಿ ಪೆಟ್ಟು ತಿಂದಿದೀನಿ.

ಯಾಕೆ ಅಂದ್ರೆ ಕ್ಯಾಮೆರಾ ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿರತ್ತೆ, ನಾವು ನೋಡಿರಲ್ಲ, ನಿನ್ನೆ ತೆಗೆದ ಫೋಟೋಗೂ ಎಷ್ಟೋ ವರ್ಷ ಹಿಂದಿನ ತಾರೀಖು ಬಿದ್ದಿರತ್ತೆ. ಇನ್ನೊಂದು, ನಿಮ್ಮ ಭಾವ 2015ರ ಫೋಟೋನ ಇವತ್ತು ಪೆನ್‌ಡ್ರೈವಲ್ಲಿ ಕೊಟ್ರು ಅನ್ಕೊಳಿ, ಫೈಲ್ ತಾರೀಖು 2015 ಅಂತಲೇ ಉಳಿದಿದ್ರೆ ಸ್ಕ್ರಿಪ್ಟ್ (ಕಮಾಂಡುಗಳನ್ನ ತಾನಾಗೇ ನಡೆಸೋ ಚಿಕ್ಕ ಪ್ರೋಗ್ರಾಂ) ಕಣ್ಣಿಗೆ ಅದು ಹಳೇದು, ಯಾವತ್ತಿಗೂ ಡಿಸ್ಕಿಗೆ ಹೋಗಲ್ಲ. ಎರರ್ ಕೂಡ ಬರಲ್ಲ, ಹಂಗಾಗಿ ಗೊತ್ತೂ ಆಗಲ್ಲ.

ನನ್ನ ಪ್ರಕಾರ ಹೊಸದು ಅಂದ್ರೆ ಇನ್ನೂ ಯಾವ ಡಿಸ್ಕಿಗೂ ಹೋಗದೇ ಇರೋದು, ತಾರೀಖು ಎಷ್ಟಾದ್ರೂ ಇರ್ಲಿ. ಅದಕ್ಕೆ ಒಂದು ಖಾತೆ ಪುಸ್ತಕ ಬೇಕು. ರಾತ್ರಿ ಕೂತು ಬಿಡಿಸಿ ಬರೀತೀನಿ.

ದಾವಣಗೆರೆ ಸ್ಟುಡಿಯೋ

ಸಾಫ್ಟ್‌ವೇರ್ ವಿಷಯ ಅವರು ಹೇಳ್ತಾರೆ, ನಾನು ಡಿಸ್ಕ್ ಬಗ್ಗೆ ಹೇಳ್ತೀನಿ, ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೀತಿದೀನಿ, ಎಷ್ಟು ಸಿಡಿ ಡಿವಿಡಿ ಬರೆದು ಕೊಟ್ಟಿದೀನೋ ಲೆಕ್ಕ ಇಲ್ಲ. 2008ರ ಸುಮಾರಿಗೆ ಬರೆದ ನಮ್ಮ ಕಾಪಿಗಳನ್ನ ಲಾಕ್‌ಡೌನ್ ಟೈಮಲ್ಲಿ ಕೂತು ಒಂದೊಂದೇ ಹಾಕಿ ನೋಡಿದೆ. ಒಂದೇ ಕಡ್ಡಿಗೆ ಪೋಣಿಸಿಟ್ಟಿದ್ದ ಹೆಸರಿಲ್ಲದ ಅಗ್ಗದ ಡಿಸ್ಕಲ್ಲಿ ಸುಮಾರು ಹೋಗಿದ್ವು, ಅಂಚಿನ ಕಡೆಯಿಂದ ಬಣ್ಣ ಬಿಟ್ಕೊಂಡು ಬಂದಿತ್ತು. ಒಳ್ಳೇ ಡಿಸ್ಕ್ ತಂದು ಒಂದೊಂದೇ ಪೆಟ್ಟಿಗೇಲಿ ಹಾಕಿ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದು ಓದ್ತು. ಮೇಲೆ ದಂಪತಿ ಫೋಟೋ ಪ್ರಿಂಟ್ ಮಾಡಿ ಅಂಟಿಸಿದ್ವಲ್ಲ ಗೋಲ ಸ್ಟಿಕ್ಕರ್, ಅವು ಒಂದು ಕಡೆ ಎದ್ದು ಎಳೆದು ಡಿಸ್ಕನ್ನೇ ಹಾಳು ಮಾಡಿದ್ವು. ಸ್ಟಿಕ್ಕರ್ ಹಚ್ಚಲೇಬೇಡಿ, ಡಿಸ್ಕಿಗೆ ಅಂತಲೇ ಬರೋ ಮಾರ್ಕರಲ್ಲಿ ನಂಬರ್ ಬರೀರಿ ಸಾಕು.

ನೀವು ತಗೊಂಡಿರೋ ಬ್ಲೂರೇ ಪ್ಯಾಕೆಟ್ ಮೇಲೆ ಎಲ್‌ಟಿಎಚ್ ಅಂತ ಇದೆಯಾ ನೋಡಿ ಸರ್. ಇದ್ರೆ ಅದು ಡಿವಿಡಿ ತರಾನೇ ಸಾವಯವ ಬಣ್ಣದ ಪದರ, ಬೆಳಕಿಗೆ ಬಿಸಿಗೆ ಬೇಗ ಸೋಲತ್ತೆ. ಮಾಮೂಲಿ ಬರೆಯೋ ಬ್ಲೂರೇ, ಅಂದ್ರೆ ಬಿಡಿ-ಆರ್‌ನಲ್ಲಿ ಲೋಹದ ತರದ ಪದರ ಇರತ್ತೆ, ಅದು ವಾಸಿ. ಎಂ-ಡಿಸ್ಕ್ ಅಂತ ಇನ್ನೊಂದು ಬರತ್ತೆ, ಸಾವಿರ ವರ್ಷ ಅಂತಾರೆ ತಯಾರು ಮಾಡೋರು, ಅಷ್ಟು ವರ್ಷ ಯಾರೂ ಇಟ್ಟು ನೋಡಿಲ್ಲ, ಆದ್ರೂ ಅಪ್ಪನ ಫೋಟೋ ಅಂತದ್ದಕ್ಕೆ ನಾನು ಅದನ್ನೇ ಹಾಕ್ತೀನಿ. ಅಳಿಸಿ ಮತ್ತೆ ಬರೆಯೋ ಆರ್‌ಡಬ್ಲ್ಯೂ ಡಿಸ್ಕ್ ಮಾತ್ರ ಈ ಕೆಲಸಕ್ಕೆ ಬೇಡ.

ಎರಡು ಮಕ್ಕಳ ತಾಯಿ

ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಈ ಕಾಲದಲ್ಲಿ ಡಿಸ್ಕ್ ಯಾಕೆ? ನಾನು ಎಲ್ಲಾ ಗೂಗಲ್ ಫೋಟೋಸ್‌ಗೆ ಬಿಟ್ಟಿದೀನಿ, ಅದೇ ತಗೊಳತ್ತೆ. ಇನ್ನೊಂದು, ನಂದು ವಿಂಡೋಸ್, ನನ್ನಂತೋರಿಗೂ ಏನಾದ್ರೂ ದಾರಿ ಇದೆಯಾ?

ಶಿರಸಿ ಸೀಮೆ

ಮೇಡಂ, ನಮ್ಮನೇಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟೇ ಗ್ಯಾರಂಟಿ ಇಲ್ಲ, ನೆಟ್ ಮಾತು ದೂರ. 376 ಜಿಬಿ ಮೇಲೆ ಹತ್ತಿಸೋದು ಆಗದ ಮಾತು.

ಮೈಸೂರು ಟರ್ಮಿನಲ್

ಮೇಡಂ ಒಳ್ಳೇ ಪ್ರಶ್ನೆ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕ ಇಲ್ಲದೇ ಉಚಿತವಾಗಿ ಇಡೋದು 2021ರ ಜೂನ್ 1ಕ್ಕೆ ಮುಗೀತು, ಈಗ ಮೇಲ್ ಡ್ರೈವ್ ಎಲ್ಲಾ ಸೇರಿ 15 ಜಿಬಿ, ಆಮೇಲೆ ದುಡ್ಡು. ದುಡ್ಡು ಕೊಟ್ರೂ ತಪ್ಪಲ್ಲ, ಇರ್ಲಿ ಅದೂ. ಆದ್ರೆ ಅದು ಸಿಂಕ್, ಮಗು ಫೋನಲ್ಲಿ ಫೋಟೋ ಡಿಲೀಟ್ ಒತ್ತಿದ್ರೆ ಅಲ್ಲೂ ಹೋಗತ್ತೆ, ಕಸದಬುಟ್ಟೀಲಿ ಸ್ವಲ್ಪ ದಿನ ಇದ್ದು ಆಮೇಲೆ ಪೂರ್ತಿ. ಒಮ್ಮೆ ಬರೆಯೋ ಡಿಸ್ಕಲ್ಲಿ ಡಿಲೀಟ್ ಅನ್ನೋದೇ ಇಲ್ಲ. ವೈರಸ್ ಬಂದು ಎಲ್ಲಾ ಫೈಲಿಗೂ ಬೀಗ ಹಾಕಿ ದುಡ್ಡು ಕೇಳಿದ್ರೂ ಕಪಾಟಲ್ಲಿರೋ ಡಿಸ್ಕನ್ನ ಮುಟ್ಟೋಕಾಗಲ್ಲ. ಇದೊಂದೇ ಕಾರಣಕ್ಕೆ ನಾನು ಡಿಸ್ಕ್ ಬಿಟ್ಟಿಲ್ಲ.

ಒಂದು ಚಿಂತೆಯಂತೂ ಇದೆ. ಸೋನಿಯವರು 2025ರ ಫೆಬ್ರವರಿಗೆ ಬರೆಯೋ ಬ್ಲೂರೇ ಡಿಸ್ಕ್ ತಯಾರಿಸೋದು ನಿಲ್ಲಿಸಿದ್ರು. ಬೇರೆಯವರದ್ದು ಸಿಗತ್ತೆ, ಆದ್ರೆ ರೈಟರ್ ಇನ್ನೊಂದು ತಗೊಂಡು ಎತ್ತಿಡೋದು ಒಳ್ಳೇದು, ಡಿಸ್ಕ್ ಇದ್ದು ಓದೋ ಮಿಷಿನ್ ಇಲ್ಲ ಅಂತಾಗಬಾರದು.

ವಿಂಡೋಸಲ್ಲಿ ರೋಬೊಕಾಪಿ ಅಂತ ಮೊದಲೇ ಇರತ್ತೆ ಮೇಡಂ. ಪ್ರತಿ ಫೈಲಿಗೂ ಆರ್ಕೈವ್ ಅಂತ ಒಂದು ಗುರುತು ಇರತ್ತೆ, ಫೈಲ್ ಹೊಸದಾದ್ರೆ ಬದಲಾದ್ರೆ ಅದು ತಾನೇ ಹತ್ತತ್ತೆ, ರೋಬೊಕಾಪಿಗೆ ಎಂ ಆಯ್ಕೆ ಕೊಟ್ರೆ ಗುರುತಿರೋದನ್ನ ಮಾತ್ರ ಕಾಪಿ ಮಾಡಿ ಗುರುತು ಅಳಿಸತ್ತೆ. ಟಾಸ್ಕ್ ಶೆಡ್ಯೂಲರಲ್ಲಿ ವಾರಕ್ಕೊಮ್ಮೆ ಇಟ್ರೆ ಆಯ್ತು. ಒಂದೇ ಎಚ್ಚರಿಕೆ, ಗುರುತು ಅಳಿಯೋದು ಫೋಲ್ಡರಿಗೆ ಕಾಪಿ ಆದಾಗ, ಡಿಸ್ಕಿಗೆ ಬರೆದಾಗ ಅಲ್ಲ. ಡಿಸ್ಕ್ ಕೆಟ್ಟು ಆ ಫೋಲ್ಡರನ್ನೂ ಖಾಲಿ ಮಾಡಿದ್ರೆ ಆ ಫೋಟೋ ಮತ್ತೆ ಸರದಿಗೆ ಬರೋದೇ ಇಲ್ಲ.

ಕೃಷ್ಣಾ ದಂಡಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮೂರು ಹೊಳಿ ದಂಡಿ ಮ್ಯಾಲೈತ್ರಿ. 2019ರ ಆಗಸ್ಟ್‌ದಾಗ ನೀರು ಬಂದಾಗ ಉಟ್ಟ ಬಟ್ಟಿ ಮ್ಯಾಲ ಎದ್ದು ಹೋದ್ವಿ, ದನಾ ಬಿಡಿಸೂದು ನೋಡ್ಬೇಕೋ ಕಂಪ್ಯೂಟರ್ ನೋಡ್ಬೇಕೋ. ನನ್ನ ಕಡೆ ಹಾರ್ಡ್‌ಡಿಸ್ಕೂ ಇತ್ತು, ಡಿವಿಡೀನೂ ಇದ್ವು, ಎರಡೂ ಒಂದ ಟ್ರಂಕಿನ್ಯಾಗ. ಎಂಟು ದಿನಾ ಆದ ಮ್ಯಾಲ ಬಂದು ನೋಡಿದ್ರ ಟ್ರಂಕ ತುಂಬ ರಾಡಿ. ಹಾರ್ಡ್‌ಡಿಸ್ಕ್ ಹೋತು. ಡಿವಿಡಿ ಒಳ್ಳೆ ನೀರಿನ್ಯಾಗ ಮೆಲ್ಲಕ ತೊಳದು ನೆರಳಿನ್ಯಾಗ ಒಣಗಿಸಿದ್ವಿ, ಅದರಾಗ ಕೆಲವು ಓದಿದ್ವು ನೋಡ್ರಿ, ತಮ್ಮನ ಮದವಿದು ಉಳೀತು.

ಅದಕ್ಕ ಹೇಳೂದೇನಂದ್ರ ಅಣ್ಣಾರ, ಎರಡು ಸೆಟ್ ಬರೀರಿ, ಒಂದು ಸೆಟ್ ಬ್ಯಾರೆ ಊರಾಗ ಇಡ್ರಿ. ನಂದು ಈಗ ಅಕ್ಕನ ಮನಿಯಾಗ ಧಾರವಾಡದಾಗ ಐತಿ. ಪಂಚಮಿಗೆ ಅಕ್ಕ ತವರಿಗೆ ಬಂದಾಗ ಹೊಸಾ ಡಿಸ್ಕ್ ಅಕಿ ಚೀಲದಾಗ ಹೊಕ್ಕಾವು.

ಮೈಸೂರು ಟರ್ಮಿನಲ್

ಅಣ್ಣ ಹೇಳಿದ್ದು ಅನುಭವದ ಮಾತು. 3-2-1 ಅಂತಾರಲ್ಲ ಅದೇ ಇದು, ಮೂರು ಪ್ರತಿ, ಎರಡು ಬೇರೆ ಜಾತಿ ಸಾಮಾನು, ಒಂದು ಬೇರೆ ಊರು.

ಈಗ ನಾನು ಮಾಡ್ತಿರೋ ಪದ್ಧತಿ. ಶಿರಸಿ ಸರ್, ಪೂರ್ತಿ ಹಿಂಗೇ ಮಾಡ್ಬೇಕು ಅಂತಿಲ್ಲ, ಯಾಕೆ ಹಂಗೆ ಅನ್ನೋದು ಅರ್ಥ ಆದ್ರೆ ಸಾಕು.

ಮೊದಲು ಒಂದು ಟೆಕ್ಸ್ಟ್ ಫೈಲು, ಅದೇ ಖಾತೆ. ಒಂದೊಂದು ಸಾಲಲ್ಲಿ ಫೋಟೋದ ಶಾ-256 ಮೊತ್ತ, ಫೈಲ್ ಹೆಸರು, ಯಾವ ನಂಬರ್ ಡಿಸ್ಕಲ್ಲಿದೆ ಅಂತ. ಶಾ-256 ಅಂದ್ರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಬಿಟ್ ಬದಲಾದ್ರೂ ಬೇರೆ ಬರತ್ತೆ, ಹೆಸರು ಬದಲಾಯಿಸಿದ್ರೂ ಬೇರೆ ಫೋಲ್ಡರಿಗೆ ಹಾಕಿದ್ರೂ ಅದೇ ಬರತ್ತೆ. ರಾತ್ರಿ ಸ್ಕ್ರಿಪ್ಟ್ ಎದ್ದು ಫೋಟೋ ಫೋಲ್ಡರೆಲ್ಲಾ ನೋಡತ್ತೆ, ಯಾವುದರ ಬೆರಳಚ್ಚು ಖಾತೇಲಿ ಇಲ್ವೋ ಅದನ್ನ "ಸರದಿ" ಅನ್ನೋ ಫೋಲ್ಡರಿಗೆ ಕಾಪಿ ಮಾಡತ್ತೆ. 62 ಸಾವಿರ ಫೈಲಿಗೆ ದಿನಾ ಲೆಕ್ಕ ಹಾಕಿದ್ರೆ ಹಳೇ ಲ್ಯಾಪ್‌ಟಾಪ್ ಒದ್ದಾಡತ್ತೆ, ಅದಕ್ಕೆ ದಿನಾ ರಾತ್ರಿ ಹೊಸ ಹೆಸರು ಕಂಡದ್ದು, ಗಾತ್ರ ಅಥವಾ ತಾರೀಖು ಬದಲಾದದ್ದು ಮಾತ್ರ, ತಿಂಗಳಿಗೊಮ್ಮೆ ಎಲ್ಲಾ.

ಸ್ಕ್ರಿಪ್ಟನ್ನ ಹೊತ್ತಿಗೆ ಸರಿಯಾಗಿ ಎಬ್ಬಿಸೋಕೆ ಕ್ರಾನ್ ಬದಲು ಅನಾಕ್ರಾನ್ ಇಡಿ. ಕ್ರಾನ್ ರಾತ್ರಿ 2ಕ್ಕೆ ಅಂದ್ರೆ 2ಕ್ಕೇ, ಆಗ ಕರೆಂಟ್ ಇಲ್ದೇ ಮಿಷಿನ್ ಆಫ್ ಆಗಿದ್ರೆ ಆ ದಿನದ್ದು ಹೋಯ್ತು. ಅನಾಕ್ರಾನ್ ಮಿಷಿನ್ ಎದ್ದಾಗ ಬಾಕಿ ಇರೋ ಕೆಲಸ ಮಾಡತ್ತೆ. ನಿಮ್ಮ ಮಳೆಗಾಲಕ್ಕೆ ಅದೇ ಸರಿ.

ಸರದಿ ಫೋಲ್ಡರ್ 20 ಜಿಬಿ ದಾಟಿದಾಗ ಪರದೆ ಮೇಲೆ "ಖಾಲಿ ಡಿಸ್ಕ್ ಹಾಕಿ" ಅಂತ ಬರತ್ತೆ. 25 ಜಿಬಿ ಅಂತ ಬರೆದಿದ್ರೂ ಕಂಪ್ಯೂಟರ್ ಲೆಕ್ಕದಲ್ಲಿ ಅದು 23.3 ಅಷ್ಟೇ. ಅದರಲ್ಲಿ 20 ಜಿಬಿ ಫೋಟೋಗೆ, ಉಳಿದದ್ದರಲ್ಲಿ 2 ಜಿಬಿ ಪಾರ್-2 ಫೈಲಿಗೆ. ಪಾರ್-2 ಅಂದ್ರೆ ರಿಪೇರಿ ಸಾಮಾನು, 10 ಪರ್ಸೆಂಟ್ ಅಷ್ಟು ಸೇರಿಸಿಟ್ರೆ ಮುಂದೆ ಡಿಸ್ಕಲ್ಲಿ ಕೆಲವು ಫೈಲ್ ಓದದೇ ಹೋದಾಗ ಉಳಿದದ್ದರಿಂದ ಲೆಕ್ಕ ಹಾಕಿ ಮತ್ತೆ ಹುಟ್ಟಿಸ್ಬಹುದು. ಹಳೇ ಮಿಷಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯತ್ತೆ, ರಾತ್ರಿ ಬಿಟ್ಟು ಮಲಗಿ.

ಡಿಸ್ಕಿಗೆ ಬರೆಯೋಕೆ ಕ್ಸೊರಿಸೊ ಅನ್ನೋ ಪ್ರೋಗ್ರಾಂ. ಅದರಲ್ಲಿ ಬ್ಯಾಕಪ್‌ಗೆ ಅಂತಲೇ ಒಂದು ಆಯ್ಕೆ ಇದೆ, ಪ್ರತಿ ಫೈಲಿನ ಎಂಡಿ-5 ಮೊತ್ತಾನೂ (ಶಾ-256 ತರದ್ದೇ ಇನ್ನೊಂದು ಬೆರಳಚ್ಚು) ಡಿಸ್ಕಲ್ಲೇ ಸೇರಿಸತ್ತೆ. 4 ಎಕ್ಸ್ ವೇಗದಲ್ಲಿ ತುಂಬಿದ ಡಿಸ್ಕಿಗೆ ಸುಮಾರು 25 ನಿಮಿಷ. ಜೋಲಿಯೆಟ್ ಅನ್ನೋ ಆಯ್ಕೇನೂ ಆನ್ ಮಾಡಿ, ಇಲ್ಲಾಂದ್ರೆ ವಿಂಡೋಸಲ್ಲಿ ಉದ್ದ ಹೆಸರು ಕಾಣಲ್ಲ.

ಬರೆದಾಯ್ತು ಅಂತ ಖಾತೇಲಿ ಗೆರೆ ಎಳೀಬೇಡಿ ಇನ್ನೂ. ಡಿಸ್ಕ್ ಹೊರಗೆ ತೆಗೆದು ಮತ್ತೆ ಹಾಕಿ, ಆಗ ಕಂಪ್ಯೂಟರ್ ತನ್ನ ನೆನಪಿಂದ ಹೇಳೋದು ಬಿಟ್ಟು ನಿಜವಾಗಿ ಡಿಸ್ಕನ್ನೇ ಓದತ್ತೆ. ಆಗ ಎಲ್ಲಾ ಬೆರಳಚ್ಚು ತಾಳೆ ಆದ್ರೆ ಮಾತ್ರ ಸ್ಕ್ರಿಪ್ಟ್ ಖಾತೆಗೆ ಡಿಸ್ಕ್ ನಂಬರ್ ಬರೀಬೇಕು. ಎಲ್ಲಕ್ಕಿಂತ ಮುಖ್ಯ ಇದೇ ನನ್ನ ಪ್ರಕಾರ. ನಿಮ್ಮ 2012 ಹೋಗಿದ್ದು ಬರೆದಿದೀನಿ ಅನ್ನೋ ನಂಬಿಕೆಯಿಂದ. ಇಲ್ಲಿ ನಂಬಿಕೆಗೆ ಜಾಗ ಇಲ್ಲ, ಓದಿ ಬಂದ್ರೆ ಉಂಟು, ಇಲ್ದಿದ್ರೆ ಅದು ಇನ್ನೂ ಹೊಸದೇ.

ಇನ್ನೊಂದು, ಇಡೀ ಖಾತೆ ಫೈಲನ್ನ ಪ್ರತಿ ಡಿಸ್ಕಿಗೂ ಹಾಕಿ. ಕಂಪ್ಯೂಟರೇ ಹೋದ್ರೂ ಕೊನೇ ಡಿಸ್ಕ್ ತೆಗೆದ್ರೆ ಯಾವ ಫೋಟೋ ಯಾವ ಡಿಸ್ಕಲ್ಲಿ ಅಂತ ಪೂರ್ತಿ ಗೊತ್ತಾಗತ್ತೆ.

ಎರಡು ಮಕ್ಕಳ ತಾಯಿ

20 ಜಿಬಿ ಆಗೋ ತನಕ ಸರದೀಲಿ ಕಾಯ್ತಿರೋ ಫೋಟೋಗಳ ಗತಿ ಏನು? ನಂಗೆ 20 ಜಿಬಿ ಆಗೋಕೆ ಆರು ತಿಂಗಳು ಬೇಕು. ಸ್ವಲ್ಪ ಸ್ವಲ್ಪನೇ ಒಂದೇ ಡಿಸ್ಕಿಗೆ ಸೇರಿಸ್ತಾ ಹೋಗ್ಬಹುದಾ?

ಮೈಸೂರು ಟರ್ಮಿನಲ್

ಆಗತ್ತೆ ಮೇಡಂ, ಮಲ್ಟಿಸೆಷನ್ ಅಂತ, ಒಂದೊಂದು ಸಲ ಬರೆದದ್ದು ಒಂದೊಂದು ಸೆಷನ್. ಕ್ಸೊರಿಸೊದಲ್ಲಿ ಅಪ್‌ಡೇಟ್ ಅಂದ್ರೆ ಬದಲಾದದ್ದು ಮಾತ್ರ ಮುಂದಿನ ಸೆಷನ್ ಆಗಿ ಸೇರತ್ತೆ. ಆದ್ರೆ ನನ್ನ ಹಳೇ ಡ್ರೈವಲ್ಲಿ ಅಂತ ಡಿಸ್ಕ್ ಹಾಕಿದ್ರೆ ಮೊದಲನೇ ಸೆಷನ್ ಮಾತ್ರ ಕಾಣ್ತಿತ್ತು, ಎದೆ ಧಸಕ್ ಅಂದಿತ್ತು. ಆವತ್ತಿಂದ ಒಂದೇ ಸಲ ಬರೆದು ಮುಚ್ಚಿಬಿಡ್ತೀನಿ. ಕಾಯ್ತಿರೋದನ್ನ ದಿನಾ ಆರ್‌ಸಿಂಕ್ (ಹೊಸದಾದದ್ದು ಮಾತ್ರ ಕಾಪಿ ಮಾಡೋ ಪ್ರೋಗ್ರಾಂ) ಮಾಡಿ ಇನ್ನೊಂದು ಹಾರ್ಡ್‌ಡಿಸ್ಕಿಗೋ ಪೆನ್‌ಡ್ರೈವಿಗೋ ಹಾಕಿ.

ಹಾಂ, ಮರೆತಿದ್ದೆ. ಎಲ್ಲಾ ಸೇರಿಸಿ ಒಂದು ದೊಡ್ಡ ಟಾರ್ ಫೈಲ್ ಮಾಡಿ ತುಂಡು ತುಂಡಾಗಿ ಡಿಸ್ಕಿಗೆ ಹಂಚೋ ಪದ್ಧತಿ ಇದೆ, ದಯವಿಟ್ಟು ಅದು ಬೇಡ. ನಡುವಿನ ಒಂದು ಡಿಸ್ಕ್ ಹೋದ್ರೆ ಸರಪಳಿ ತುಂಡಾಗತ್ತೆ. ಮಾಮೂಲಿ ಜೆಪೆಗ್ ಆಗೇ ಇರ್ಲಿ, ಹೋದ್ರೆ ಆ ಡಿಸ್ಕಿಂದು ಮಾತ್ರ ಹೋಗತ್ತೆ, ಯಾವ ಮಿಷಿನಿಗೆ ಹಾಕಿದ್ರೂ ಯಾರು ಬೇಕಾದ್ರೂ ತೆಗೆದು ನೋಡ್ಬಹುದು.

ಕುಡ್ಲದಿಂದ

ಮಾರಾಯ್ರೆ, ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ, ಫೋಲ್ಡರಿಗೆ ಕನ್ನಡದಲ್ಲಿ ಹೆಸರು ಇಡುವವರು ಇದ್ದೀರಲ್ಲ, ನಾನೂ ಹಾಗೆಯೇ ಇಡುವುದು. ಜೋಲಿಯೆಟ್‌ನಲ್ಲಿ ಹೆಸರಿಗೆ 64 ಅಕ್ಷರದ ಮಿತಿ ಉಂಟು. ಲಿನಕ್ಸ್ ಕಡೆಯ ರಾಕ್ ರಿಡ್ಜ್‌ನಲ್ಲಿ 255 ಬೈಟ್. 255 ಅಂದರೆ ಧಾರಾಳ ಆಯಿತು ಅಂತ ಕಾಣುತ್ತದೆ, ಆದರೆ ಕನ್ನಡದ ಒಂದೊಂದು ಗುರುತಿಗೆ ಕಂಪ್ಯೂಟರ್ ಅಕ್ಷರ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಮೂರು ಬೈಟ್ ಬೇಕು, ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಲಕ್ಷ್ಮಿ ಅಂತ ಬರೆದರೆ ನಮಗೆ ಕಾಣುವುದು ಎರಡು ಅಕ್ಷರ, ಕಂಪ್ಯೂಟರಿಗೆ ಅದು ಏಳು ಗುರುತು, 21 ಬೈಟ್. ನನ್ನದು "ದೊಡ್ಡಮ್ಮನ ಮನೆಯ ಗೃಹಪ್ರವೇಶ ಮತ್ತು ಸತ್ಯನಾರಾಯಣ ಪೂಜೆ" ಅಂತ ಶುರುವಾಗುವ ಹೆಸರುಗಳು ವಿಂಡೋಸಲ್ಲಿ ಅರ್ಧಕ್ಕೆ ಕಡಿದು ಹೋಗಿ ಎರಡು ಫೋಲ್ಡರ್ ಒಂದೇ ಹಾಗೆ ಕಾಣುತ್ತಿತ್ತು.

ಈಗ ಫೋಲ್ಡರಿಗೆ ತಾರೀಖು ಮತ್ತು ಒಂದೇ ಒಂದು ಪದ ಇಡುವುದು, ಒಳಗೆ "ವಿವರ" ಅಂತ ಒಂದು ಟೆಕ್ಸ್ಟ್ ಫೈಲಿನಲ್ಲಿ ಯಾರು ಯಾರು ಇದ್ದಾರೆ, ಎಲ್ಲಿ, ಏನು ಅಂತ ಮನಸ್ಸು ಬಂದಷ್ಟು ಕನ್ನಡದಲ್ಲಿ ಬರೆಯುವುದು. ಹಿರಿಯರ ಹೆಸರು ಈಗಲೇ ಕೇಳಿ ಬರೆದಿಡಿ, ನಮ್ಮ ಮಕ್ಕಳಿಗೆ ಗುರುತು ಸಿಗಲಿಕ್ಕಿಲ್ಲ.

ಮತ್ತೆ ನಮ್ಮ ಕರಾವಳಿಯ ಸೆಕೆಗೆ ಡಿಸ್ಕಿಗೂ ಬೂಸ್ಟು ಬರುತ್ತದೆ. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ಬದಲುವ ಜಾತಿಯದ್ದು ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಶಿರಸಿ ಸೀಮೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯ್ತು, ಮೈಸೂರು ಸರ್ ಹೇಳಿದ ಹಾಗೇ ಮಾಡಿದೆ. 376 ಜಿಬಿಗೆ 19 ಡಿಸ್ಕ್, ಎರಡು ಸೆಟ್ ಅಂದ್ರೆ 38. ಎರಡು ಡಿಸ್ಕ್ ತಾಳೆ ನೋಡೋವಾಗ ಫೇಲ್ ಆಯ್ತು, ಮತ್ತೆ ಬರೆದೆ. ಬರೆಯೋ ಸಾಫ್ಟ್‌ವೇರ್ ಎರಡಕ್ಕೂ ಯಶಸ್ವಿ ಅಂತಲೇ ಹೇಳಿತ್ತು!

ಆದ್ರೆ ನಿನ್ನೆ ಬೆಳಿಗ್ಗೆ ನೋಡಿದ್ರೆ ಸರದಿ ಫೋಲ್ಡರಿಗೆ 110 ಜಿಬಿ ಬಂದು ಕೂತಿದೆ, ಸುಮಾರು 18 ಸಾವಿರ ಫೈಲು. ನಾನು ಒಂದು ಹೊಸ ಫೋಟೋನೂ ಹಾಕಿಲ್ಲ. ಹೆಂಡತಿ ಡಿಜಿಕ್ಯಾಮ್ ಅನ್ನೋ ಫೋಟೋ ಜೋಡಿಸೋ ಸಾಫ್ಟ್‌ವೇರಲ್ಲಿ ಕೂತು ಮುಖ ಗುರುತಿಸಿ ಎಲ್ಲರ ಹೆಸರು ಹಾಕಿದ್ಲು ಅಷ್ಟೇ. ಇದೇನು?

ಮೈಸೂರು ಟರ್ಮಿನಲ್

ಅದೇ ಸರ್ ಕಾರಣ. ಡಿಜಿಕ್ಯಾಮ್ ಹೆಸರುಗಳನ್ನ ಜೆಪೆಗ್ ಫೈಲಿನ ಒಳಗೇ ಬರೆದಿದೆ, ಚಿತ್ರ ಅದೇ ಆದ್ರೂ ಬೆರಳಚ್ಚು ಬದಲಾಯ್ತು. ಸೆಟ್ಟಿಂಗ್ಸಲ್ಲಿ ಮೆಟಾಡೇಟಾ ಅಂತ ಇದೆ, ಅಲ್ಲಿ ಸೈಡ್‌ಕಾರ್ ಫೈಲಿಗೆ ಮಾತ್ರ ಬರಿ ಅಂತ ಮಾಡಿ, ಫೋಟೋ ಪಕ್ಕ ಚಿಕ್ಕ ಎಕ್ಸ್‌ಎಂಪಿ ಫೈಲ್ ಮಾಡ್ಕೊಳತ್ತೆ, ಅದೊಂದೇ ಡಿಸ್ಕಿಗೆ ಹೋಗತ್ತೆ. ಈಗ ಬದಲಾಗಿರೋದಕ್ಕೆ ಇಮೇಜ್‌ಮ್ಯಾಜಿಕ್‌ನ ಐಡೆಂಟಿಫೈ ಉಪಯೋಗಿಸಿ, ಅದು ಬರೀ ಚಿತ್ರದ ಪಿಕ್ಸೆಲ್‌ಗಳ ಬೆರಳಚ್ಚು ಕೊಡತ್ತೆ. ಡಿಸ್ಕಲ್ಲಿರೋದಕ್ಕೂ ಈಗಿಂದಕ್ಕೂ ಅದು ಒಂದೇ ಬಂದ್ರೆ ಚಿತ್ರ ಬದಲಾಗಿಲ್ಲ ಅಂತ, ಸರದಿಯಿಂದ ತೆಗೀಬಹುದು. ನಿಧಾನ ಆಗತ್ತೆ, ಎರಡು ಮೂರು ರಾತ್ರಿ ಬಿಡಿ.

ಅಕ್ಕ ಹಾಕಿದ ಹೆಸರುಗಳನ್ನ ಮಾತ್ರ ಕಳೀಬೇಡಿ, ಅದು ಫೋಟೋದಷ್ಟೇ ಮುಖ್ಯ. ಎಕ್ಸಿಫ್‌ಟೂಲಲ್ಲಿ ಎಲ್ಲಾ ಹೊರಗೆ ತೆಗೆದು ಒಂದು ಫೈಲ್ ಮಾಡಿ ಮುಂದಿನ ಡಿಸ್ಕಿಗೆ ಹಾಕಿ.

ದಾವಣಗೆರೆ ಸ್ಟುಡಿಯೋ

ವಾಟ್ಸಾಪ್ ಫೋಟೋ ಬಗ್ಗೆನೂ ಒಂದು ಮಾತು. ಐಎಂಜಿ, ತಾರೀಖು, ಕೊನೇಲಿ ಡಬ್ಲ್ಯೂಎ ಅಂತ ಹೆಸರಿರತ್ತಲ್ಲ, ಅವುಗಳಲ್ಲಿ ತೆಗೆದ ದಿನ ಸಮಯ ಎಲ್ಲಾ ಅಳಿಸಿ ಹೋಗಿರತ್ತೆ, ಸೈಜೂ ಇಳಿದಿರತ್ತೆ. ಹೆಸರಲ್ಲಿರೋ ತಾರೀಖು ಕಳಿಸಿದ ದಿನ, ತೆಗೆದ ದಿನ ಅಲ್ಲ. ನೆಂಟರ ಹತ್ರ ಕೇಳೋವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಆಗ ಒರಿಜಿನಲ್ಲೇ ಬರತ್ತೆ.

ಶಿರಸಿ ಸೀಮೆ

ಸೈಡ್‌ಕಾರ್ ಸರಿ ಹೋಯ್ತು, ಸರದಿ 110ರಿಂದ 3 ಜಿಬಿಗೆ ಇಳೀತು. ಎರಡನೇ ಸೆಟ್ ಹುಬ್ಬಳ್ಳಿಗೆ ತಂಗಿ ಮನೆಗೆ ಹೋಯ್ತು, ಅವಳಿಗೆ ವರ್ಷಕ್ಕೆ ಎರಡು ಸಲ ನಾಲ್ಕೈದು ಡಿಸ್ಕ್ ಹಾಕಿ ನೋಡು ಅಂತ ಹೇಳಿದೀನಿ.

ಇನ್ನೊಂದು ಹೇಳ್ಬೇಕು. ನಾನು ಎಲ್ಲರ ಹತ್ರ ಫೋಟೋ ಕೇಳ್ತಿರೋದು ಗೊತ್ತಾಗಿ ಮುಂಬೈಯಲ್ಲಿರೋ ದೊಡ್ಡಪ್ಪನ ಮಗ ಹಳೇ ಲ್ಯಾಪ್‌ಟಾಪ್ ತೆಗೆಸಿ ನೋಡಿ ಒಂದು ಪೆನ್‌ಡ್ರೈವ್ ಕೊರಿಯರ್ ಮಾಡಿದ್ದ. 2012ರ ನವೆಂಬರಲ್ಲಿ ಊರಿಗೆ ಬಂದಾಗ ಅವನೇ ತೆಗೆದದ್ದು, 61 ಫೋಟೋ. ಫೋಲ್ಡರಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ 61ಕ್ಕೆ 61 ಸರದೀಲಿ ಕೂತಿವೆ, ಎಲ್ಲದರ ತಾರೀಖೂ 2012. ಮೊದಲಿನ ಹಾಗೆ ತಾರೀಖು ನೋಡಿ ಆರಿಸ್ತಿದ್ರೆ ಒಂದೂ ಬರ್ತಿರಲಿಲ್ಲ.

ಅದರಲ್ಲಿ ಅಪ್ಪ ಯಕ್ಷಗಾನದ ಚೌಕಿಯಲ್ಲಿ, ಬಣ್ಣ ಹಚ್ಚೋ ಜಾಗದಲ್ಲಿ, ವೇಷದವರ ನಡುವೆ ಕೂತು ಚಾ ಕುಡೀತಿರೋದು ಒಂದಿದೆ. ಅಮ್ಮ ನೋಡಿ ಆ ಶಾಲು ಇನ್ನೂ ಇದೆ ಅಂತ ಒಳಗೆ ಹೋಗಿ ತಂದ್ರು. ಡಿಸ್ಕ್ 20 ತುಂಬೋಕೆ ಇನ್ನೂ 17 ಜಿಬಿ ಬೇಕು, ಆದ್ರೆ ಅಲ್ಲಿ ತನಕ ಕಾಯಲ್ಲ, ದಾವಣಗೆರೆಯವರು ಹೇಳಿದ ಎಂ-ಡಿಸ್ಕ್ ಒಂದು ತರಿಸಿದೀನಿ, ಇವತ್ತು ರಾತ್ರಿ ಕರೆಂಟ್ ಇದ್ರೆ ಇವತ್ತೇ ಬರೀತೀನಿ.